ಮೂಟೆ ತೂಕ ಬಿಡಿ, ಔಟ್ ಟರ್ನ್ ಕೇಳಿ

ಎರಡು ತಿಂಗಳ ಹಿಂದೆ ಇದೇ ಅಂಕಣದಲ್ಲಿ ಮಾತಿಗೆ ಮಾತು ಬಂದು, ನಾನು ಕಂಪ್ಯೂಟರಿನಲ್ಲಿ ಅಣು, ಪರಮಾಣುಗಳ ಲೆಕ್ಕ ಹಾಕಿ ಪಿಎಚ್‌ಡಿ ಮಾಡಿದವಳು ಎಂದು ಬರೆದುಬಿಟ್ಟಿದ್ದೆ. ಅಲ್ಲಿಯವರೆಗೆ ನನಗೆ ಬರುತ್ತಿದ್ದ ಪ್ರಶ್ನೆಗಳೆಂದರೆ ಪಿಯುಸಿಗೆ ಯಾವ ಕಾಂಬಿನೇಷನ್, ಹಾಸ್ಟೆಲ್ ಸಿಗುತ್ತದಾ, ಬಿ.ಎಸ್ಸಿ. ಮಾಡಿದರೆ ಕೆಲಸ ಉಂಟಾ, ಇಷ್ಟೇ. ಈಗ ಪತ್ರಗಳ ದಾರಿಯೇ ತಿರುಗಿದೆ. ಮಾದಾಪುರದ ಹತ್ತಿರ ನಮ್ಮ ಮನೆಯಲ್ಲಿ ಕೂತು, ಕಾಲೇಜಿನ ಪೇಪರ್ ತಿದ್ದುತ್ತಾ, ನಾಲ್ಕು ಎಕರೆ ರೊಬಸ್ಟಾ ಕಾಫಿ ನೋಡಿಕೊಳ್ಳುತ್ತಾ, ಕೊಡಗಿನಲ್ಲಿ ಈ ಹುಚ್ಚು ಇರುವವಳು ನಾನೊಬ್ಬಳೇ ಅಂದುಕೊಂಡಿದ್ದೆ. ಅಲ್ಲ ಅಂತ ಗೊತ್ತಾಯಿತು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಇದಕ್ಕೇ. ಬರೆದವರ ಹೆಸರು ಬಿಟ್ಟಿದ್ದೇನೆ. ಪತ್ರಗಳನ್ನು ಸ್ವಲ್ಪ ಮೊಟಕು ಮಾಡಿದ್ದೇನೆ.

ಅಕ್ಕಾ, ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಭೌತಶಾಸ್ತ್ರ ಕೊನೆಯ ವರ್ಷ ಓದುತ್ತಿದ್ದೇನೆ. ಲ್ಯಾಬಿಗಿಂತ ಕಂಪ್ಯೂಟರ್ ಲೆಕ್ಕ ನನಗಿಷ್ಟ. ಆದರೆ ಇರುವುದು ಅಣ್ಣನ ಹಳೇ ಲ್ಯಾಪ್‌ಟಾಪ್. ಸೂಪರ್ ಕಂಪ್ಯೂಟರ್ ಇಲ್ಲದೆ ಶುರು ಮಾಡಬಹುದಾ? ಮನೆಯಲ್ಲಿ ಕೇಳಿದರೆ, ಕಂಪ್ಯೂಟರ್ ಅಂದಮೇಲೆ ಸಾಫ್ಟ್‌ವೇರ್ ಕಂಪನಿಗೇ ಹೋಗಬಹುದಲ್ಲ ಅಂತಾರೆ.
— ಶನಿವಾರಸಂತೆಯ ವಿದ್ಯಾರ್ಥಿನಿ

ಶುರು ಮಾಡಬಹುದು ತಂಗಿ. ನಾನೂ ಅದೇ ಕೊಣಾಜೆ ಗುಡ್ಡ ಹತ್ತಿ ಇಳಿದವಳು.

ಮೊದಲು ಮನೆಯವರ ವಿಷಯ. ಒಂದು ಲೋಟ ಕಾಫಿ ಮುಂದಿಟ್ಟುಕೊಂಡು ಮಾತಾಡು. ಅದರಲ್ಲಿರುವ ಕೆಫೀನಿನ ಒಂದು ಅಣುವಿನಲ್ಲಿ 24 ಪರಮಾಣು, 102 ಎಲೆಕ್ಟ್ರಾನ್ ಇವೆ. ಆ 102 ಎಲೆಕ್ಟ್ರಾನ್ ಒಂದನ್ನೊಂದು ದೂಡುತ್ತಾ ಎಲ್ಲೆಲ್ಲಿ ಎಷ್ಟು ದಟ್ಟವಾಗಿ ಇರುತ್ತವೆ ಅಂತ ಗೊತ್ತಾದರೆ, ಅಣುವಿನ ಆಕಾರದಿಂದ ಹಿಡಿದು ಬಹಳಷ್ಟು ಸಂಗತಿ ಗೊತ್ತಾಗುತ್ತದೆ. ಅದಕ್ಕೆ ಬೇಕಾದ ಸಮೀಕರಣ 1926ರಿಂದಲೇ ಇದೆ. ಶ್ರೋಡಿಂಗರ್ ಬರೆದದ್ದು. ಆದರೆ ಎರಡು ಎಲೆಕ್ಟ್ರಾನ್ ಆಗುವಷ್ಟರಲ್ಲಿ ಕೈಲೆಕ್ಕ ಸೋಲುತ್ತದೆ. 1964 ಮತ್ತು 1965ರಲ್ಲಿ ವಾಲ್ಟರ್ ಕೋನ್ ಜೊತೆಗಾರರೊಂದಿಗೆ ಸೇರಿ ಒಂದು ಒಳದಾರಿ ತೋರಿಸಿದರು. ಒಂದೊಂದೇ ಎಲೆಕ್ಟ್ರಾನಿನ ಬೆನ್ನು ಹತ್ತಬೇಡಿ, ಒಟ್ಟು ಸಾಂದ್ರತೆ ನೋಡಿ ಸಾಕು ಅಂತ. ತೋಟದ ಫಸಲು ಅಂದಾಜು ಮಾಡಲು ನಾವು ಒಂದೊಂದೇ ಹಣ್ಣು ಎಣಿಸುತ್ತೇವಾ? ಈ ದಾರಿಗೆ ಡೆನ್ಸಿಟಿ ಫಂಕ್ಷನಲ್ ಥಿಯರಿ ಅಂತಾರೆ, ಲ್ಯಾಬಿನವರ ಬಾಯಲ್ಲಿ ಬರೀ ಡಿಎಫ್‌ಟಿ. 1998ರಲ್ಲಿ ಕೋನ್ ಅವರಿಗೆ ಜಾನ್ ಪೋಪಲ್ ಜೊತೆ ರಸಾಯನಶಾಸ್ತ್ರದ ನೊಬೆಲ್ ಬಂತು. ಕೋನ್ ಭೌತವಿಜ್ಞಾನಿ, ಕೊಟ್ಟದ್ದು ರಸಾಯನಶಾಸ್ತ್ರದ ಬಹುಮಾನ. ಈ ಕ್ಷೇತ್ರದಲ್ಲಿ ಆ ಬೇಲಿ ಅಷ್ಟೇನೂ ಗಟ್ಟಿ ಇಲ್ಲ. ಕೆಲಸಕ್ಕೆ ಅರ್ಜಿ ಹಾಕುವಾಗ ನೆನಪಿಟ್ಟುಕೋ. ರಸಾಯನಶಾಸ್ತ್ರ ವಿಭಾಗದ ಜಾಹೀರಾತು ಅಂತ ಭೌತಶಾಸ್ತ್ರದವರು ಸುಮ್ನೆ ಬಿಟ್ಟುಬಿಡುತ್ತಾರೆ.

ಇನ್ನು ಲ್ಯಾಪ್‌ಟಾಪ್. ಅದಕ್ಕೆ ಉಬುಂಟು ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕು. ಈ ಡಿಎಫ್‌ಟಿ ಲೆಕ್ಕ ಹಾಕುವ ಕ್ವಾಂಟಮ್ ಎಸ್ಪ್ರೆಸೊ ಅಂತ ಒಂದು ಸಾಫ್ಟ್‌ವೇರ್ ಇದೆ. ಇಟಲಿಯ ಟ್ರಿಯೆಸ್ಟ್ ಊರಿನ ವಿಜ್ಞಾನಿಗಳ ಕೈ ಇದರಲ್ಲಿ ದೊಡ್ಡದು. ನಮ್ಮ ದೇಶದ ಕಾಫಿ ಅತಿ ಜಾಸ್ತಿ ಹೋಗುವುದು ಇಟಲಿಗೆ. ಅವರಿಂದ ನಮಗೆ ಬಂದ ಈ ಎಸ್ಪ್ರೆಸೊ ಮಾತ್ರ ಪುಕ್ಕಟೆ. ಸಿಲಿಕಾನ್ ಸ್ಫಟಿಕದ ಚಿಕ್ಕ ಘಟಕದಲ್ಲಿ ಇರುವುದು ಎರಡೇ ಪರಮಾಣು. ಹಳೇ ಲ್ಯಾಪ್‌ಟಾಪಿನಲ್ಲೂ ಆ ಲೆಕ್ಕ ಒಂದು ನಿಮಿಷದೊಳಗೆ ಮುಗಿಯುತ್ತದೆ. ದೊಡ್ಡದಕ್ಕೆ ಕೈ ಹಾಕಬೇಡ. ಡಿಎಫ್‌ಟಿಯಲ್ಲಿ ಪರಮಾಣುಗಳ ಸಂಖ್ಯೆ ದುಪ್ಪಟ್ಟಾದರೆ ಕೆಲಸ ಹೆಚ್ಚುಕಡಿಮೆ ಎಂಟು ಪಟ್ಟಾಗುತ್ತದೆ. ಹಳೇ ಜೀಪಿಗೆ ಎಷ್ಟು ಮೂಟೆ ಹೇರಬಹುದು ಅಂತ ಗೊತ್ತಿರಬೇಕಲ್ಲ, ಹಾಗೆ.

ಆ ಎರಡು ಪರಮಾಣುವಿನಲ್ಲೇ ಒಂದು ತಿಂಗಳು ಕಳೆ. ಲೆಕ್ಕ ಎಷ್ಟು ಸೂಕ್ಷ್ಮವಾಗಿರಬೇಕು ಅಂತ ಹೇಳುವ ಕಟ್ಆಫ್ ಅನ್ನುವ ಸಂಖ್ಯೆ ಏರಿಸುತ್ತಾ ಹೋಗು, ಎನರ್ಜಿ ಎಲ್ಲಿ ಅಲುಗಾಡುವುದನ್ನು ನಿಲ್ಲಿಸುತ್ತದೆ ನೋಡು, ಗ್ರಾಫ್ ಹಾಕು. ಸ್ಫಟಿಕದ ಲೆಕ್ಕಕ್ಕೆ ಎಷ್ಟು ಬಿಂದು ಆರಿಸಬೇಕು ಅನ್ನುವ ಕೆ-ಪಾಯಿಂಟಿಗೂ ಹಾಗೇ ಮಾಡು. ಒಂದು ನೋಟ್‌ಬುಕ್‌ನಲ್ಲಿ ಕೈಯಲ್ಲೇ ಬರೆದಿಡು. ನಾಳೆ ಯಾವುದಾದರೂ ಗೈಡ್‌ಗೆ ಮೇಲ್ ಕಳಿಸುವಾಗ, ನಿಮ್ಮ ಘನ ಪ್ರಯೋಗಾಲಯದಲ್ಲಿ ನನಗೆ ಅಪಾರ ಆಸಕ್ತಿ ಇದೆ ಅನ್ನುವ ಸಾಲಿಗಿಂತ ಆ ಗ್ರಾಫಿಗೆ ಬೆಲೆ ಜಾಸ್ತಿ.

ಇಲ್ಲಿ ನನ್ನದೊಂದು ಮಾನ ಹೋದ ಕಥೆ ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸತು. ಸಿಲಿಕಾನಿನ ಸ್ಫಟಿಕ ಜಾಲದ ಅಳತೆ 5.43 ಅಂತ ಇನ್‌ಪುಟ್ ಫೈಲಿನಲ್ಲಿ ತುಂಬಿದೆ. ಪುಸ್ತಕದಲ್ಲಿ ಇರುವುದು ಅದೇ. ಜಾಬ್, ಅಂದರೆ ದೊಡ್ಡ ಕಂಪ್ಯೂಟರಿಗೆ ಕೊಟ್ಟ ಲೆಕ್ಕ, ಎರಡು ದಿನ ಕ್ಯೂನಲ್ಲಿ ಕಾಯಿತು, ಒಂದು ದಿನ ಓಡಿತು. ಬಂದ ಒತ್ತಡದ ಸಂಖ್ಯೆ ನೋಡಿ ನಾನು ಏನೋ ಹೊಸದು ಕಂಡುಹಿಡಿದೆ ಅಂತ ಎದ್ದು ಓಡಾಡಿದೆ. ಪಕ್ಕದ ಸೀನಿಯರ್ ಬಂದು ಫೈಲಿನ ಒಂದೇ ಸಾಲು ನೋಡಿ, "ಇದು ಯಾವ ಅಳತೆ?" ಅಂತ ಕೇಳಿದರು. 5.43 ಇರುವುದು ಆಂಗ್‌ಸ್ಟ್ರಾಮ್‌ನಲ್ಲಿ. ಆ ಜಾಗದಲ್ಲಿ ಸಾಫ್ಟ್‌ವೇರ್ ಕೇಳುವುದು ಬೋರ್ ಅನ್ನುವ ಇನ್ನೊಂದು ಅಳತೆ. 10.26 ಅಂತ ಹಾಕಬೇಕಿತ್ತು. ಉದ್ದ ಅರ್ಧದಷ್ಟಾದ್ದರಿಂದ ನಾನು ಸ್ಫಟಿಕದ ಗಾತ್ರವನ್ನು ಸುಮಾರು ಏಳನೇ ಒಂದು ಪಾಲಿಗೆ ಹಿಂಡಿಬಿಟ್ಟಿದ್ದೆ. ಕಂಪ್ಯೂಟರ್ ಒಂದು ತಕರಾರೂ ಎತ್ತಲಿಲ್ಲ. ಮೂರು ದಿನ ಹಾಳು, ಅದೂ ಇನ್ನೊಬ್ಬರ ಪಾಲಿನ ಗಂಟೆಗಳು. ಅವತ್ತಿನಿಂದ ಇವತ್ತಿನವರೆಗೆ ಯಾವ ಸಂಖ್ಯೆ ಕಂಡರೂ ಮೊದಲು ಕಣ್ಣು ಹೋಗುವುದು ಅದರ ಪಕ್ಕದ ಅಳತೆಗೆ. ರೇಷನ್ ಅಂಗಡಿಯಲ್ಲೂ.

ಸಂಶೋಧನೆಗೆ ಸೇರಲು ಬರೆಯುವ ಪರೀಕ್ಷೆಗಳ ಬಗ್ಗೆ ನಿನಗೆ ಗೊತ್ತೇ ಇರುತ್ತದೆ. ಸಿಎಸ್‌ಐಆರ್ ನೆಟ್, ಗೇಟ್, ಭೌತಶಾಸ್ತ್ರದವರಿಗೆ ಜೆಸ್ಟ್. ಮೂರಕ್ಕೂ ಕಟ್ಟು, ಓದು ಹೆಚ್ಚುಕಡಿಮೆ ಒಂದೇ.

ಮೇಡಂ, ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಪ್ರಾಜೆಕ್ಟ್ ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋ) ಕೆಲಸ ಸಿಕ್ಕಿದೆ. ಬ್ಯಾಟರಿಗೆ ಬೇಕಾದ ವಸ್ತುಗಳ ಸಿಮ್ಯುಲೇಷನ್. ತಿಂಗಳಿಗೆ 37,000 ಮತ್ತು ಎಚ್‌ಆರ್‌ಎ. ಒಂದು ವರ್ಷಕ್ಕೆ, ಆಮೇಲೆ ಮುಂದುವರಿಸಬಹುದು ಅಂತ ಬರೆದಿದ್ದಾರೆ. ನನಗೆ ಗೇಟ್ ಆಗಿದೆ, ನೆಟ್ ಎರಡು ಸಲ ಸ್ವಲ್ಪದರಲ್ಲಿ ತಪ್ಪಿದೆ. ಸೇರುವುದಾ, ಮನೆಯಲ್ಲೇ ಕೂತು ನೆಟ್‌ಗೆ ಓದುವುದಾ? ಅಪ್ಪ, ಕೊಯ್ಲಿಗೆ ಜನ ಇಲ್ಲ, ನೀನೂ ಹೋದರೆ ಹೇಗೆ ಅಂತಿದ್ದಾರೆ.
— ನಾಪೋಕ್ಲು ಕಡೆಯ ಓದುಗ

ಸೇರಿ. ಆದರೆ ಸೇರುವ ಮೊದಲು ಕೆಲವು ಪ್ರಶ್ನೆ ಕೇಳಿ. ನಾನು ಕೇಳಿರಲಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಜೆಆರ್‌ಎಫ್ ಅನ್ನುವ ಹೆಸರಿನಲ್ಲಿ ಎರಡು ಬೇರೆ ಬೇರೆ ಪ್ರಾಣಿಗಳಿವೆ. ನೆಟ್ ಬರೆದು ಪಡೆದದ್ದು ನಿಮ್ಮದೇ. ಎರಡು ವರ್ಷ ಜೆಆರ್‌ಎಫ್, ಆಮೇಲೆ ಎಸ್‌ಆರ್‌ಎಫ್ (ಸೀನಿಯರ್ ರಿಸರ್ಚ್ ಫೆಲೋ) ಆಗಿ ತಿಂಗಳಿಗೆ 42,000, ಒಟ್ಟು ಐದು ವರ್ಷದವರೆಗೆ. 2023ರಲ್ಲಿ ಪರಿಷ್ಕರಿಸಿದ ಮೊತ್ತ ಇದು, ಅದಕ್ಕೂ ಮೊದಲು 31,000 ಮತ್ತು 35,000 ಇತ್ತು. ಪ್ರಾಜೆಕ್ಟ್ ಜೆಆರ್‌ಎಫ್ ಹಾಗಲ್ಲ. ದುಡ್ಡು ಗೈಡ್ ತಂದ ಪ್ರಾಜೆಕ್ಟಿನದು. ಪ್ರಾಜೆಕ್ಟ್ ಮುಗಿದ ದಿನ ಕೆಲಸವೂ ಮುಗಿಯಿತು. ಸಂಬಳ ಒಂದೇ, ಹೆಸರೂ ಒಂದೇ. ಆದರೆ ಮೊದಲನೆಯದು ನಿಮ್ಮದೇ ಬೇರಿನ ಮರ. ಎರಡನೆಯದು ಇನ್ನೊಬ್ಬರ ಸಿಲ್ವರ್ ಓಕಿಗೆ ಹಬ್ಬಿಸಿದ ಮೆಣಸಿನ ಬಳ್ಳಿ. ಮರ ಬಿದ್ದರೆ ಬಳ್ಳಿಯೂ ನೆಲಕ್ಕೆ.

ಬಳ್ಳಿ ಕೀಳು ಅಂತ ಹೇಳುತ್ತಿಲ್ಲ. ಮೆಣಸಿನಲ್ಲೇ ಮನೆ ಕಟ್ಟಿದವರು ನಮ್ಮಲ್ಲಿ ಎಷ್ಟು ಜನ ಇಲ್ಲ! ಮರದ ವಯಸ್ಸು ಗೊತ್ತಿರಬೇಕು, ಅಷ್ಟೇ.

ನನ್ನ ಮೊದಲ ಕೆಲಸವೂ ಪ್ರಾಜೆಕ್ಟಿನದೇ. ಯಾವ ಸಂಸ್ಥೆ ಅಂತ ಹೇಳುವುದಿಲ್ಲ. ಸಂದರ್ಶನದಲ್ಲಿ ಮೂರು ವರ್ಷದ ಪ್ರಾಜೆಕ್ಟ್ ಅಂದರು. ನಿಜವೇ. ಆದರೆ ಅದರಲ್ಲಿ ಹತ್ತೊಂಬತ್ತು ತಿಂಗಳು ಆಗಲೇ ಕಳೆದಿತ್ತು. ನನಗಿಂತ ಮೊದಲು ಅದೇ ಕುರ್ಚಿಯಲ್ಲಿ ಇಬ್ಬರು ಕೂತು ಎದ್ದು ಹೋಗಿದ್ದರು. ಅದು ಗೊತ್ತಾದದ್ದು ಡ್ರಾಯರ್ ತೆಗೆದಾಗ. ಒಬ್ಬರ ಗುರುತಿನ ಚೀಟಿ, ಇನ್ನೊಬ್ಬರ ಅರ್ಧ ಮುಗಿದ ಜಂಡು ಬಾಮ್. ಮೂರನೇ ತಿಂಗಳಿನಿಂದ ಸಂಬಳ ನಿಂತಿತು. ಕಂತು ಬಂದಿಲ್ಲ, ಲೆಕ್ಕಪತ್ರ ಕಳಿಸಿದ್ದೇವೆ, ಬರುತ್ತದೆ ಅಂತ ಹೇಳುತ್ತಲೇ ಇದ್ದರು. ಐದು ತಿಂಗಳು ಬರಲಿಲ್ಲ. ಪಿಜಿ ಬಾಡಿಗೆಗೆ ಅಪ್ಪ ಚೆರಿ, ಅಂದರೆ ಒಣಗಿಸಿದ ಕಾಫಿ ಹಣ್ಣು, ಮಾರಿ ದುಡ್ಡು ಕಳಿಸಿದರು. ರೇಟು ಏರುವವರೆಗೆ ಇಟ್ಟುಕೊಳ್ಳಬೇಕು ಅಂತ ಇದ್ದ ಚೆರಿ ಅದು. ಕೊನೆಗೆ ಬಾಕಿ ಎಲ್ಲ ಒಟ್ಟಿಗೆ ಬಂತು, ಸುಳ್ಳು ಹೇಳಬಾರದು. ಆದರೆ ಆ ವರ್ಷ ಮನೆಗೆ ಹೋದಾಗ ಖಾಲಿ ಗೋದಾಮು ನೋಡಿ ನನಗೆ ಊಟ ಇಳಿಯಲಿಲ್ಲ.

ಈಗ ನೀವು ಕೇಳಬೇಕಾದದ್ದು. ನೀವು ನಾಪೋಕ್ಲಿನವರು, ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಫಿ ವ್ಯಾಪಾರಿ ಮನೆಗೆ ಬಂದರೆ ಮೂಟೆಯ ತೂಕ ನೋಡಿ ರೇಟು ಹೇಳುತ್ತಾನಾ? ಸ್ಯಾಂಪಲ್ ತೆಗೆಯುತ್ತಾನೆ, ಸಿಪ್ಪೆ ಬಿಡಿಸುತ್ತಾನೆ, ಬೀಜ ತೂಗುತ್ತಾನೆ. 50 ಕೆ.ಜಿ. ಚೆರಿಯಲ್ಲಿ ಬೀಜ ಎಷ್ಟು ಬಂತು, ಆ ಔಟ್ ಟರ್ನ್ ಮೇಲೆ ದುಡ್ಡು. ಲ್ಯಾಬಿಗೂ ಹಾಗೇ ಮಾಡಿ. ಸಂಸ್ಥೆಯ ಹೆಸರು, ಗೈಡಿನ ಪ್ರಶಸ್ತಿ, ಪೇಪರ್‌ಗಳ ಸಂಖ್ಯೆ, ಇವೆಲ್ಲ ಮೂಟೆಯ ತೂಕ. ಕಳೆದ ಎಂಟು ಹತ್ತು ವರ್ಷದಲ್ಲಿ ಆ ಗುಂಪಿಗೆ ಎಷ್ಟು ಜನ ಸೇರಿದರು, ಎಷ್ಟು ಜನ ಮುಗಿಸಿ ಹೊರಬಂದರು, ಬಂದವರು ಈಗ ಎಲ್ಲಿದ್ದಾರೆ, ಇದು ಔಟ್ ಟರ್ನ್.

ಇದನ್ನು ಕಂಡುಹಿಡಿಯುವುದು ಕಷ್ಟ ಅಲ್ಲ. ಗುಂಪಿನ ಹಳೇ ಪೇಪರ್‌ಗಳನ್ನು ತೆಗೆಯಿರಿ. ಲೇಖಕರ ಹೆಸರು ನೋಡಿ. ಐದು ವರ್ಷದ ಹಿಂದೆ ಇದ್ದು ಈಗ ಇಲ್ಲದವರು ಯಾರು? ಒಂದೇ ಪೇಪರ್‌ನಲ್ಲಿ ಕಾಣಿಸಿಕೊಂಡು ಮಾಯವಾದವರು ಯಾರು? ಅಂಥವರಿಗೆ ಎರಡು ಸಾಲಿನ ಮೇಲ್ ಹಾಕಿ, ಐದು ನಿಮಿಷ ಫೋನಿನಲ್ಲಿ ಮಾತಾಡಬಹುದಾ ಅಂತ. ಬರಹದಲ್ಲಿ ಎಲ್ಲರೂ, ಒಳ್ಳೆ ಅನುಭವ, ತುಂಬ ಕಲಿತೆ ಅಂತಲೇ ಹೇಳುತ್ತಾರೆ. ಫೋನಿನಲ್ಲಿ, ನಿಮ್ಮ ತಂಗಿಗೆ ಅಲ್ಲಿ ಸೇರು ಅಂತ ಹೇಳ್ತೀರಾ ಅಂತ ಕೇಳಿ. ಕೆಲವರು ಕೂಡಲೇ ಹೂಂ ಅಂತಾರೆ. ಕೆಲವರು ಸ್ವಲ್ಪ ಹೊತ್ತು ಸುಮ್ಮನಾಗುತ್ತಾರೆ.

ಗೈಡ್‌ಗೂ ಕೇಳಿ, ಸಂಕೋಚ ಬೇಡ. ಪ್ರಾಜೆಕ್ಟ್ ಮಂಜೂರಾದ ದಿನ ಯಾವುದು, ಮುಗಿಯುವ ದಿನ ಯಾವುದು? ಈ ಕೆಲಸದಿಂದ ಅಲ್ಲೇ ಪಿಎಚ್‌ಡಿಗೆ ನೋಂದಣಿ ಆಗಬಹುದಾ, ಆದರೆ ಯಾವ ಪರೀಕ್ಷೆ ಬೇಕು? ಕಂಪ್ಯೂಟರ್ ಯಾವುದು? ಈ ಕೊನೆಯದನ್ನು ಹುಡುಗರು ಕೇಳುವುದೇ ಇಲ್ಲ. ಪ್ರಯೋಗದವರಿಗೆ ಉಪಕರಣ ಹೇಗೋ ನಮಗೆ ಕೋರ್-ಅವರ್, ಅಂದರೆ ಕಂಪ್ಯೂಟರಿನಲ್ಲಿ ಸಿಗುವ ಗಂಟೆಗಳು, ಹಾಗೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಿಂದ ಪರಮ್ ಪ್ರವೇಗ ಇದೆ, 3.3 ಪೆಟಾಫ್ಲಾಪ್ ವೇಗದ ಸೂಪರ್ ಕಂಪ್ಯೂಟರ್. ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಪರಮ್ ಯುಕ್ತಿ ಇದೆ. ಎರಡೂ 2015ರಲ್ಲಿ ಶುರುವಾದ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್‌ನಲ್ಲಿ ಬಂದವು. ಆದರೆ ಯಂತ್ರ ಊರಲ್ಲಿ ಇದ್ದರೆ ಸಾಲದು. ನಿಮ್ಮ ಗುಂಪಿಗೆ ಅದರಲ್ಲಿ ಪಾಲು ಎಷ್ಟು, ಆ ಪಾಲಿನಲ್ಲಿ ಹೊಸಬನಿಗೆ ಎಷ್ಟು? ಕಾವೇರಿ ನಮ್ಮೂರಲ್ಲೇ ಹುಟ್ಟಿದರೂ ಬೇಸಿಗೆಯಲ್ಲಿ ನಾವು ನೀರಿಗೆ ಟ್ಯಾಂಕರ್ ಕಾಯುತ್ತೇವಲ್ಲ.

ಉತ್ತರ ಚೆನ್ನಾಗಿ ಬಂದರೆ ಹೊರಡಿ. ಮನೆಯಲ್ಲಿ ಕೂತು ಮೂರನೇ ಸಲ ನೆಟ್ ಓದುವುದಕ್ಕಿಂತ, ಕೆಲಸ ಮಾಡುತ್ತಾ ಬೆಳಿಗ್ಗೆ ಎರಡು ಗಂಟೆ ಓದುವುದು ಮೇಲು. ಇನ್ನೊಂದು ಲಾಭವೂ ಇದೆ. ಒಂದು ವರ್ಷದಲ್ಲಿ ಈ ಗೈಡ್ ಜೊತೆ ಐದು ವರ್ಷ ಬಾಳಬಹುದಾ ಅಂತ ಗೊತ್ತಾಗುತ್ತದೆ. ಪಿಎಚ್‌ಡಿಗೆ ನೇರ ಸೇರಿದವರಿಗೆ ಈ ಪುಣ್ಯ ಇಲ್ಲ.

ಅಪ್ಪನ ವಿಷಯ. ಜನವರಿ, ಫೆಬ್ರವರಿಯಲ್ಲಿ ರೊಬಸ್ಟಾ ಕೊಯ್ಲಿಗೆ ಹತ್ತು ದಿನ ರಜೆ ಬೇಕು ಅಂತ ಸೇರುವಾಗಲೇ ಗೈಡ್‌ಗೆ ಹೇಳಿಬಿಡಿ. ನಾನು ಹೇಳಿದ್ದೆ. ಅವರು ನಕ್ಕರು, ಕೊಟ್ಟರು. ಆ ಹತ್ತು ದಿನ ದೊಡ್ಡ ಜಾಬ್‌ಗಳನ್ನು ಕ್ಯೂಗೆ ಹಾಕಿ ಬಸ್ ಹತ್ತುತ್ತಿದ್ದೆ. ವಾಪಸ್ ಹೋಗುವಷ್ಟರಲ್ಲಿ ಅಲ್ಲೂ ಕೊಯ್ಲು ಮುಗಿದಿರುತ್ತಿತ್ತು.

ನನ್ನ ಮಗಳು ಕಂಪ್ಯೂಟೇಶನಲ್ ಕೆಮಿಸ್ಟ್ರಿಯಲ್ಲಿ ಪಿಎಚ್‌ಡಿ ಮುಗಿಸಿದ್ದಾಳೆ. ಈಗ ಎರಡು ವರ್ಷ ಪೋಸ್ಟ್‌ಡಾಕ್ ಅಂತ ಜರ್ಮನಿಗೆ ಹೊರಟಿದ್ದಾಳೆ. ಮದುವೆ ಮನೆಗೆ ಹೋದರೆ, ಇನ್ನೂ ಓದುತ್ತಿದ್ದಾಳಾ ಅಂತ ಕೇಳುತ್ತಾರೆ. ನನಗೂ ಸರಿಯಾಗಿ ಗೊತ್ತಿಲ್ಲ. ಇದು ಓದಾ, ಕೆಲಸವಾ? ಆಮೇಲೆ ಖಾಯಂ ಆಗುತ್ತದಾ?
— ಗೋಣಿಕೊಪ್ಪಲಿನ ಒಬ್ಬ ತಂದೆ

ಸರ್, ಓದು ಮುಗಿದಿದೆ. ಇದು ಕೆಲಸ. ಅಲ್ಲೇ ಖಾಯಂ ಆಗುತ್ತದೆ ಅಂತ ಮಾತ್ರ ಇಟ್ಟುಕೊಳ್ಳಬೇಡಿ.

ಪೋಸ್ಟ್‌ಡಾಕ್ ಅಂದರೆ ಪಿಎಚ್‌ಡಿ ಆದವರು ಒಬ್ಬ ಹಿರಿಯ ವಿಜ್ಞಾನಿಯ ಗುಂಪಿನಲ್ಲಿ ಒಂದೆರಡು, ಮೂರು ವರ್ಷ ಒಪ್ಪಂದದ ಮೇಲೆ ಮಾಡುವ ಸಂಶೋಧನೆ. ಮಗಳ ಹತ್ತಿರ ಒಂದು ವಿಷಯ ಕೇಳಿ, ಸಿಕ್ಕಿರುವುದು ಕೆಲಸದ ಒಪ್ಪಂದವಾ, ಸ್ಟೈಪೆಂಡಾ? ಒಪ್ಪಂದವಾದರೆ ಪಿಂಚಣಿ, ಆರೋಗ್ಯ ವಿಮೆಗೆ ಸಂಬಳದಲ್ಲೇ ಕಡಿತ ಆಗುತ್ತದೆ, ಮಾಲೀಕರೂ ಪಾಲು ಹಾಕುತ್ತಾರೆ. ಸ್ಟೈಪೆಂಡ್ ಆದರೆ ಕೈಗೆ ಬರುವ ಮೊತ್ತ ದೊಡ್ಡದಾಗಿ ಕಂಡರೂ ವಿಮೆಯ ದಾರಿ ಬೇರೆ, ಅದನ್ನು ಮೊದಲೇ ತಿಳಿದುಕೊಳ್ಳಬೇಕು.

ವರ್ಷಗಳ ಲೆಕ್ಕ ಈ ಹಂತದಲ್ಲಿ ಬಹಳ ಮುಖ್ಯ. ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಇಂಥ ತಾತ್ಕಾಲಿಕ ಒಪ್ಪಂದಗಳಿಗೆ ಕಾನೂನಿನ ಮಿತಿ ಇದೆ, ಸಾಮಾನ್ಯವಾಗಿ ಪಿಎಚ್‌ಡಿಗೆ ಮೊದಲು ಆರು ವರ್ಷ, ಆಮೇಲೆ ಆರು ವರ್ಷ. ಯುರೋಪಿನ ಮೇರಿ ಕ್ಯೂರಿ ಫೆಲೋಶಿಪ್‌ಗೆ ಪಿಎಚ್‌ಡಿ ಆಗಿ ಎಂಟು ವರ್ಷದೊಳಗೆ ಇರಬೇಕು. ಅದರಲ್ಲಿ ಒಂದು ವಿಚಿತ್ರ ಷರತ್ತೂ ಇದೆ. ಹೋಗಬೇಕಾದ ದೇಶದಲ್ಲಿ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು. ಅಂದರೆ ಮಗಳು ಜರ್ಮನಿಯಲ್ಲಿ ಎರಡು ವರ್ಷ ಇದ್ದು ಅಲ್ಲಿಗೇ ಮೇರಿ ಕ್ಯೂರಿ ಹಾಕುತ್ತೇನೆ ಅಂದರೆ ಆಗುವುದಿಲ್ಲ. ಬೇರೆ ದೇಶ ನೋಡಬೇಕು. ನನಗೆ ಇದು ಗೊತ್ತಾದದ್ದು ಅರ್ಜಿ ಅರ್ಧ ಬರೆದ ಮೇಲೆ. ಇಲ್ಲಿಗೆ ಬಂದರೆ, ಹಲವು ಐಐಟಿಗಳ ಸಹಾಯಕ ಪ್ರಾಧ್ಯಾಪಕ ಹುದ್ದೆಯ ಜಾಹೀರಾತಿನಲ್ಲಿ 35ರೊಳಗಿನವರಿಗೆ ಆದ್ಯತೆ ಅನ್ನುವ ಸಾಲು ಇರುತ್ತದೆ. ಹೆಣ್ಣುಮಕ್ಕಳಿಗೆ ಕೆಲವು ಕಡೆ ಸಡಿಲ ಉಂಟು.

ಪ್ರಾಧ್ಯಾಪಕ ಹುದ್ದೆ ಎಲ್ಲರಿಗೂ ಸಿಗುವುದಿಲ್ಲ. ಇದನ್ನು ಮುಚ್ಚಿಡುವುದು ಸರಿ ಅಲ್ಲ. ಆದರೆ ಈ ಮಕ್ಕಳ ಕೈಯಲ್ಲಿ ಪ್ರೋಗ್ರಾಮಿಂಗ್, ದೊಡ್ಡ ಲೆಕ್ಕ, ಅಂಕಿಅಂಶ ಎಲ್ಲ ಇರುತ್ತದೆ. ಔಷಧ, ಬ್ಯಾಟರಿ, ಚಿಪ್ ಕಂಪನಿಗಳಿಗೆ ಇಂಥವರು ಬೇಕು. ಬರಿಗೈಯಲ್ಲಿ ವಾಪಸ್ ಬರುವ ಓದು ಅಲ್ಲ ಇದು.

ನಾನೂ ಎರಡು ವರ್ಷ ಜರ್ಮನಿಯಲ್ಲಿದ್ದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ ಕಡೆ ಗುಡ್ಡ ಕುಸಿದಾಗ ಮೂರು ದಿನ ಮನೆಗೆ ಫೋನ್ ಸಿಗಲಿಲ್ಲ. ಪರದೆಯ ಮೇಲೆ ಒಂದು ಕಿಟಕಿಯಲ್ಲಿ ಜಾಬ್ ಓಡುತ್ತಿತ್ತು, ಇನ್ನೊಂದರಲ್ಲಿ ನಮ್ಮೂರಿನ ವಿಡಿಯೋ. ನಾಲ್ಕನೇ ದಿನ ಅಮ್ಮ ಸಂಬಂಧಿಕರ ಮನೆಯಿಂದ ಫೋನ್ ಮಾಡಿ ಮೊದಲು ಕೇಳಿದ್ದು, "ಊಟ ಮಾಡಿದೆಯಾ?" ಮಗಳ ಬ್ಯಾಂಕಿನಲ್ಲಿ ಯಾವಾಗಲೂ ಒಂದು ವಿಮಾನ ಟಿಕೆಟಿನಷ್ಟು ದುಡ್ಡು ಮುಟ್ಟದೆ ಇರಲಿ ಸರ್. ಮದುವೆ ಮನೆಯಲ್ಲಿ ಕೇಳಿದವರಿಗೆ, ಜರ್ಮನಿಯಲ್ಲಿ ವಿಜ್ಞಾನಿ ಕೆಲಸ ಅಂತ ಹೇಳಿ. ಅದು ಸುಳ್ಳಲ್ಲ.

ಅಕ್ಕ, ನಾನು ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿ ನಾಲ್ಕು ವರ್ಷ ಆಯಿತು. ಮದುವೆ, ಮಗು ಅಂತ ಎಲ್ಲ ನಿಂತುಹೋಗಿದೆ. ಮಗುವಿಗೆ ಮೂರು ವರ್ಷ. ನನ್ನದು ಲ್ಯಾಬಿನ ಕೆಲಸವಾಗಿತ್ತು. ಈಗ ಕಂಪ್ಯೂಟರ್ ಕಡೆಗೆ ತಿರುಗಿ ಮನೆಯಿಂದಲೇ ಸಂಶೋಧನೆ ಮಾಡಬಹುದಾ?
— ಸುಂಟಿಕೊಪ್ಪದ ಓದುಗಿ

ತಿರುಗಬಹುದು. ಪೂರ್ತಿ ಮನೆಯಿಂದಲೇ ಅಂದರೆ ಸಂಬಳ ಸಿಗುವುದು ಕಷ್ಟ.

ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯಲ್ಲಿ ಮಹಿಳೆಯರಿಗೆಂದೇ ವೈಸ್-ಕಿರಣ್ ಅಂತ ಯೋಜನೆಗಳಿವೆ. ಅದರಲ್ಲಿ ವೈಸ್-ಪಿಡಿಎಫ್ ಅನ್ನುವುದು ಪಿಎಚ್‌ಡಿ ಆದವರಿಗೆ. ನಡುವೆ ನಿಂತುಹೋದವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಯೋಜನೆ. ಆದರೆ ಅದಕ್ಕೊಂದು ಸಂಸ್ಥೆ ಬೇಕು, ಅಲ್ಲೊಬ್ಬ ಮಾರ್ಗದರ್ಶಕರು ಬೇಕು. ನಿಮ್ಮಲ್ಲಿಂದ ಮೈಸೂರೂ ಇದೆ, ಈ ಕಡೆ ಕೊಣಾಜೆ, ಸುರತ್ಕಲ್ಲೂ ಇದೆ. ಯಾರು ಯಾವ ಲೆಕ್ಕ ಮಾಡುತ್ತಿದ್ದಾರೆ ಅಂತ ಅವರ ಇತ್ತೀಚಿನ ಪೇಪರ್ ಓದಿ, ಮೊದಲು ಅದರ ಬಗ್ಗೆ ಬರೆಯಿರಿ. ಫೆಲೋಶಿಪ್ ಬಗ್ಗೆ ಎರಡನೇ ಮೇಲ್‌ನಲ್ಲಿ ಸಾಕು.

ಲ್ಯಾಬಿನ ಅನುಭವ ಹಾಳಾಯಿತು ಅಂದುಕೊಳ್ಳಬೇಡಿ. ನಮ್ಮಂಥವರಿಗೆ ಇಲ್ಲದ ಒಂದು ಗುಣ ನಿಮಗಿದೆ. ಪರದೆಯ ಮೇಲೆ ಬಂದದ್ದನ್ನು ನೋಡಿ, ಇದು ಬಾಟಲಿಯಲ್ಲಿ ಹೀಗೆ ಆಗುವುದಿಲ್ಲ ಅಂತ ಹೇಳಬಲ್ಲಿರಿ. ಗ್ರೋಮ್ಯಾಕ್ಸ್ ಅನ್ನುವ ಸಾಫ್ಟ್‌ವೇರ್‌ನಿಂದ ಶುರು ಮಾಡಿ, ಅದೂ ಉಚಿತ. ಪ್ರೋಟೀನಿನಂಥ ದೊಡ್ಡ ಅಣು ನೀರಿನಲ್ಲಿ ಹೇಗೆ ಅಲುಗಾಡುತ್ತದೆ ಅಂತ ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಹಾಕುತ್ತದೆ. ಒಂದು ಹೆಜ್ಜೆ ಸಾಮಾನ್ಯವಾಗಿ 2 ಫೆಮ್ಟೋಸೆಕೆಂಡ್, ನೂರು ಕೋಟಿ ಫೆಮ್ಟೋಸೆಕೆಂಡ್ ಸೇರಿದರೆ ಒಂದು ಮೈಕ್ರೋಸೆಕೆಂಡ್. ಒಂದು ಮೈಕ್ರೋಸೆಕೆಂಡಿನ ಚಲನೆ ನೋಡಬೇಕಾದರೆ 50 ಕೋಟಿ ಹೆಜ್ಜೆ. ಮಗು ಮಲಗಿದಾಗ ಹಚ್ಚಿ, ಅದು ತನ್ನಷ್ಟಕ್ಕೆ ನಡೆಯುತ್ತಿರಲಿ.

ನಾಲ್ಕು ವರ್ಷದ ಖಾಲಿ ಜಾಗವನ್ನು ಬಯೋಡೇಟಾದಲ್ಲಿ ಮುಚ್ಚಿಡಬೇಡಿ. ಮಗುವನ್ನು ನೋಡಿಕೊಂಡೆ ಅಂತ ಒಂದು ಸಾಲು ಬರೆಯಿರಿ. ಯುರೋಪಿನ ಕೆಲವು ಫೆಲೋಶಿಪ್‌ಗಳು ಆ ವರ್ಷಗಳನ್ನು ಲೆಕ್ಕದಿಂದ ಬಿಟ್ಟುಕೊಡುತ್ತವೆ. ಬರೆಯದಿದ್ದರೆ ಹೇಗೆ ಬಿಡುತ್ತಾರೆ?

ಎಐ ಬಂದಮೇಲೆ ಈ ಲೆಕ್ಕಗಳೆಲ್ಲ ಬೇಕಾ? ಈಗ ಸೇರಿದರೆ ಐದು ವರ್ಷದಲ್ಲಿ ಕ್ಷೇತ್ರವೇ ಇರುತ್ತದಾ?
— ಕುಶಾಲನಗರದ ಬಿ.ಎಸ್ಸಿ. ವಿದ್ಯಾರ್ಥಿ

2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಅರ್ಧ ಡೇವಿಡ್ ಬೇಕರ್‌ಗೆ, ಉಳಿದರ್ಧ ಪ್ರೋಟೀನಿನ ರಚನೆ ಊಹಿಸುವ ಆಲ್ಫಾಫೋಲ್ಡ್ ಅನ್ನುವ ಎಐ ಮಾಡಿದ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್‌ಗೆ ಹೋಯಿತು. ನಿನ್ನ ಭಯ ಅಲ್ಲಿಂದ ಬಂದಿರಬೇಕು. ಆದರೆ ಆಲ್ಫಾಫೋಲ್ಡ್ ಕಲಿತದ್ದು ಎಲ್ಲಿಂದ? 1971ರಿಂದ ವಿಜ್ಞಾನಿಗಳು ಒಂದೊಂದೇ ಪ್ರೋಟೀನಿನ ರಚನೆ ಕಂಡುಹಿಡಿದು ತುಂಬಿಸುತ್ತಾ ಬಂದ ಪ್ರೋಟೀನ್ ಡೇಟಾ ಬ್ಯಾಂಕಿನಿಂದ. ವಸ್ತುಗಳ ವಿಷಯದಲ್ಲೂ ಅಷ್ಟೇ. ಈಗಿನ ಮಷಿನ್ ಲರ್ನಿಂಗ್ ಮಾದರಿಗಳಿಗೆ ಪಾಠ ಹೇಳಿಕೊಡುವುದು ಹೆಚ್ಚಾಗಿ ಡಿಎಫ್‌ಟಿ ಲೆಕ್ಕಗಳೇ. ಪಾಠ ತಪ್ಪಾದರೆ ಶಿಷ್ಯನೂ ತಪ್ಪು ಹೇಳುತ್ತಾನೆ, ಅದೂ ಬಹಳ ವೇಗವಾಗಿ. ಪೈಥಾನ್ ಪ್ರೋಗ್ರಾಮಿಂಗ್ ಕಲಿ. ಜೊತೆಗೆ ಕ್ವಾಂಟಮ್ ಮೆಕ್ಯಾನಿಕ್ಸ್‌ನ ಪುಸ್ತಕ ಮಾರಬೇಡ.

ಮೇಡಂ, ಶ್ರೀಮಂಗಲ ಕಡೆ ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಊರಿಗೆ ಬಂದಾಗ ಸೂಪರ್ ಕಂಪ್ಯೂಟರಿನಲ್ಲಿ ಕೆಲಸ ಮಾಡಲು ಆಗುತ್ತದಾ?
— ಪಿಎಚ್‌ಡಿ ಮೊದಲ ವರ್ಷದವನು

ಆಗುತ್ತದೆ. ಬೇಕಾಗಿರುವುದು ಬರೀ ಅಕ್ಷರ ಹೋಗಿಬರುವಷ್ಟು ನೆಟ್‌ವರ್ಕ್. ವಿಡಿಯೋ ಓಡದ ಜಾಗದಲ್ಲೂ, ದೂರದ ಕಂಪ್ಯೂಟರಿಗೆ ಅಕ್ಷರದಲ್ಲೇ ಆದೇಶ ಕಳಿಸುವ ಎಸ್‌ಎಸ್‌ಎಚ್ ಓಡುತ್ತದೆ. ನಮ್ಮ ಮನೆಯಲ್ಲಿ ಹಿತ್ತಲಿನ ಹಲಸಿನ ಮರದ ಕೆಳಗೆ ಎರಡು ಕಡ್ಡಿ ಸಿಗ್ನಲ್ ಬರುತ್ತದೆ. ಕಕ್ಕಡ ತಿಂಗಳ ಮಳೆಯಲ್ಲಿ ಕೊಡೆ ಹಿಡಿದು, ಫೋನಿನಿಂದಲೇ ಜಾಬ್ ಹಾಕಿ ಬಂದಿದ್ದೇನೆ, ಕಾಲಿಗೆ ಎರಡು ಜಿಗಣೆ ಸಮೇತ. ಒಂದೇ ಒಂದು ಎಚ್ಚರ. ಲೆಕ್ಕವನ್ನು ಟರ್ಮಿನಲ್‌ನಲ್ಲಿ (ಆದೇಶ ಟೈಪ್ ಮಾಡುವ ಕಿಟಕಿಯಲ್ಲಿ) ನೇರ ಓಡಿಸಬೇಡಿ, ಸಂಪರ್ಕ ಕಡಿದರೆ ಅದೂ ಹೋಗುತ್ತದೆ. ಯಾವಾಗಲೂ ಜಾಬ್‌ಗಳನ್ನು ಸರದಿಯಲ್ಲಿ ಓಡಿಸುವ ಸ್ಲರ್ಮ್ ಕ್ಯೂಗೆ ಹಾಕಿ. ಆಮೇಲೆ ನಿಮ್ಮ ಮನೆಯಲ್ಲಿ ಕರೆಂಟ್ ಹೋದರೆ ಆರುವುದು ನಿಮ್ಮ ಲ್ಯಾಪ್‌ಟಾಪ್ ಮಾತ್ರ. ಜಾಬ್ ಬೆಂಗಳೂರಿನಲ್ಲಿ ಓಡುತ್ತಲೇ ಇರುತ್ತದೆ. ನೀವು ಒಳಗೆ ಹೋಗಿ ಬಿಸಿ ಅಕ್ಕಿ ಒಟ್ಟಿ ತಿನ್ನಿ.